ಆಯಿಲ್ ಏರಿದ್ದೇಕೆ ಎಂದು ಕೇಳಿ

ಪ್ರಶ್ನೆ

ನಾವಿರುವುದು ಪೀಣ್ಯ ಎರಡನೇ ಹಂತದ ಹತ್ತಿರ. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ನಮ್ಮೆಜಮಾನ್ರು ವರ್ಷಗಟ್ಟಲೆ ಬೇರೆಯವರ ಗಾಡಿ ಓಡಿಸಿ, ಒಂದೂವರೆ ವರ್ಷದ ಹಿಂದೆ ಸಾಲ ಮಾಡಿ ಸ್ವಂತ ಕ್ಯಾಂಟರ್ ತಗೊಂಡರು. ಬೆಲೆ 18 ಲಕ್ಷದ 60 ಸಾವಿರ. ತಿಂಗಳ ಕಂತು 36 ಸಾವಿರ. ಪೀಣ್ಯದ ಪ್ರೆಸ್ ಶಾಪ್‌ಗಳಿಂದ ಬೊಮ್ಮಸಂದ್ರ, ಜಿಗಣಿ, ವೈಟ್‌ಫೀಲ್ಡ್ ಕಡೆಗೆ ಮಾಲು ಹೊಡೆಯುತ್ತಾರೆ. ವಾರದಲ್ಲಿ ಒಂದೆರಡು ರಾತ್ರಿ ನನ್ನ ತಮ್ಮ ಓಡಿಸುತ್ತಿದ್ದ.

ಎರಡು ಸಲ ಮೀಟರ್ ಬೋರ್ಡಿನಲ್ಲಿ ಹಳದಿ ಲೈಟ್ ಬಂತು. ಎರಡು ಸಲವೂ ಕಂಪನಿ ವರ್ಕ್‌ಶಾಪ್‌ಗೇ ಬಿಟ್ಟೆವು. ಮೊದಲ ಸಲ ‘ಸೆನ್ಸರ್ ಪ್ರಾಬ್ಲಂ, ಕ್ಲಿಯರ್ ಮಾಡಿದ್ದೀವಿ’ ಅಂದರು. ಎರಡನೇ ಸಲ ಲ್ಯಾಪ್‌ಟಾಪ್ ಹಾಕಿ, ನಿಂತಲ್ಲೇ ಎಂಜಿನ್ ಜೋರಾಗಿ ಓಡಿಸಿ, ‘ಸ್ವಲ್ಪ ಹೈವೇಲಿ ಓಡಿಸಿ, ಸರಿಹೋಗುತ್ತೆ’ ಅಂತ ಕಳಿಸಿದರು. ಆಮೇಲೆ ನನ್ನ ತಮ್ಮ ಒಂದು ದಿನ ಗೇಜ್ ಕಡ್ಡಿ ತೆಗೆದು ನೋಡಿ ‘ಭಾವ, ಆಯಿಲ್ ಜಾಸ್ತಿಯಾಗಿದೆ’ ಅಂದ. ಕಡಿಮೆಯಾದರೆ ತಾನೇ ಭಯ, ಜಾಸ್ತಿ ಇದ್ದರೇನು ಅಂತ ಇವರು ಸುಮ್ಮನಾದರು. ಹೋದ ತಿಂಗಳು ರಾತ್ರಿ ಹೊಸಕೋಟೆ ಹತ್ತಿರ ಎಂಜಿನ್ ಟಕಟಕ ಅಂತ ಸದ್ದು ಮಾಡಿ ಸೀಜ್ ಆಯಿತು. ಆಗ ಸ್ಟಿಯರಿಂಗ್ ಹಿಡಿದಿದ್ದವನು ನನ್ನ ತಮ್ಮ.

ಈಗ ವರ್ಕ್‌ಶಾಪ್‌ನವರು ವಾರಂಟಿ ಬರೋದಿಲ್ಲ ಅನ್ನುತ್ತಾರೆ. ಒಂದು ಸಲ ಹೊರಗೆ ಆಯಿಲ್ ಚೇಂಜ್ ಮಾಡಿಸಿದ್ದೀರಿ, ಓವರ್‌ಲೋಡ್ ಹೊಡೆದಿದ್ದೀರಿ ಅಂತ ಬಾಯಲ್ಲಿ ಹೇಳುತ್ತಾರೆ. ಅವರೇ ಎಂಟು ದಿನ ಡೇಟ್ ಕೊಡದಿದ್ದಾಗ ನೆಲಮಂಗಲದಲ್ಲಿ ಆಯಿಲ್ ಹಾಕಿಸಿದ್ದು ನಿಜ. ಬಿಲ್ ಇದೆ. 3 ಲಕ್ಷದ 85 ಸಾವಿರಕ್ಕೆ ಎಸ್ಟಿಮೇಟ್ ಕೊಟ್ಟು, ಸಹಿ ಹಾಕಿದರೆ ಎಂಜಿನ್ ಬಿಚ್ಚುತ್ತೇವೆ ಅನ್ನುತ್ತಾರೆ. ಯಶವಂತಪುರ ಟ್ರಕ್ ಟರ್ಮಿನಲ್ ಕಡೆಯ ಮೇಸ್ತ್ರಿ ಒಬ್ಬರು ಒಂದು ಮುಕ್ಕಾಲು ಲಕ್ಷಕ್ಕೆ ಕಟ್ಟಿಕೊಡುತ್ತೇನೆ ಅಂದಿದ್ದಾರೆ. ಒಡವೆ ಅಡ ಇಟ್ಟು ಅಲ್ಲೇ ಮಾಡಿಸೋಣ ಅಂತ ಯಜಮಾನರು. ತಮ್ಮನ ಹತ್ತಿರ ಮಾತು ಬಿಟ್ಟಿದ್ದಾರೆ. ದಿನದ ಡೀಸೆಲ್, ಟೋಲ್, ಬಾಡಿಗೆ, ಗ್ಯಾರೇಜ್ ಖರ್ಚು ಎಲ್ಲ ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಅದು ಬಿಟ್ಟರೆ ನಮ್ಮ ಹತ್ತಿರ ಸಾಕ್ಷಿ ಅಂತ ಏನೂ ಇಲ್ಲ. ಏನು ಮಾಡಲಿ?

— ಹೆಸರು ಬೇಡ, ಪೀಣ್ಯ

ಉತ್ತರ

ಆ ಎಸ್ಟಿಮೇಟಿಗೆ ಈಗಿರುವ ಹಾಗೆ ಸಹಿ ಹಾಕಬೇಡಿ. ಒಡವೆಯನ್ನೂ ಈ ವಾರ ಪೆಟ್ಟಿಗೆಯಿಂದ ತೆಗೆಯಬೇಡಿ. ಟರ್ಮಿನಲ್ ಮೇಸ್ತ್ರಿಯ ಕೈಗೆ ಸ್ಪ್ಯಾನರ್ ಕೊಡುವುದಂತೂ ಬೇಡವೇ ಬೇಡ. ಅವರು ಒಳ್ಳೆಯ ಕೆಲಸಗಾರರೇ ಇರಬಹುದು. ಆದರೆ ಅವರು ಸಂಪ್ ಇಳಿಸಿದ ಕ್ಷಣಕ್ಕೆ ನಿಮ್ಮ ವಾರಂಟಿಯೂ ಹೋಯಿತು, ಸಾಕ್ಷಿಯೂ ಹೋಯಿತು.

ಎಂಜಿನ್ ಬಿಚ್ಚದೆ ಯಾರಿಗೂ ಕಾರಣ ಗೊತ್ತಾಗುವುದಿಲ್ಲ, ಹಾಗಾಗಿ ಬಿಚ್ಚಲೇಬೇಕು. ಆದರೆ ಬಿಚ್ಚುವುದಕ್ಕೆ ಒಪ್ಪುವುದು ಬೇರೆ, ಖರ್ಚು ನಮ್ಮದೆಂದು ಒಪ್ಪುವುದು ಬೇರೆ. ವರ್ಕ್‌ಶಾಪ್‌ನವರು ಕೊಟ್ಟ ಹಾಳೆಯಲ್ಲಿ ಈ ಎರಡೂ ಒಂದೇ ಸಹಿಯ ಮೇಲೆ ಕೂತಿರುತ್ತವೆ. ಅದರ ಕೆಳಗೆ ಕನ್ನಡದಲ್ಲೇ ಬರೆಯಿರಿ: ‘ತಪಾಸಣೆಗಾಗಿ ಎಂಜಿನ್ ಬಿಚ್ಚಲು ಮಾತ್ರ ನನ್ನ ಒಪ್ಪಿಗೆ. ಇದು ವಾರಂಟಿ ಕ್ಲೇಮ್. ಖರ್ಚು ಭರಿಸಲು ನಾನು ಒಪ್ಪಿಲ್ಲ. ಬಿಚ್ಚುವಾಗ ನಾನು ಹಾಜರಿರುತ್ತೇನೆ.’ ಇಷ್ಟು ಬರೆದು ಯಜಮಾನರು ಸಹಿ ಹಾಕಲಿ. ಬರೆಯಲು ಬಿಡುವುದಿಲ್ಲ ಎಂದರೆ ಅದೇ ಮಾತನ್ನು ಇಮೇಲ್‌ನಲ್ಲಿ, ವಾಟ್ಸಾಪ್‌ನಲ್ಲಿ ಕಳಿಸಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ನಿಮ್ಮ ತಮ್ಮ ಹೇಳಿದ ಮಾತು. ಆಯಿಲ್ ಜಾಸ್ತಿಯಾಗಿದೆ ಎಂದನಲ್ಲ, ಅದು. ಎಂಜಿನ್ನಿನೊಳಗೆ ಆಯಿಲ್ ಹುಟ್ಟುವುದಿಲ್ಲ. ಯಾರೂ ಸುರಿಯದೆ ಗೇಜ್ ಕಡ್ಡಿಯಲ್ಲಿ ಮಟ್ಟ ಏರಿದೆ ಎಂದರೆ ಬೇರೇನೋ ಬಂದು ಸೇರಿದೆ. ಕೂಲೆಂಟ್ ಸೇರಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಡೀಸೆಲ್ ಸೇರಿದ್ದರೆ ಬಣ್ಣ ಕಪ್ಪೇ ಇರುತ್ತದೆ, ಕಡ್ಡಿಯಿಂದ ನೀರಿನಂತೆ ತೊಟ್ಟಿಕ್ಕುತ್ತದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ನಿಮ್ಮ ಗಾಡಿಯಲ್ಲಿ ಆಗಿರುವುದು ಈ ಎರಡನೆಯದೇ ಎಂದು ನನ್ನ ಬಲವಾದ ಅನುಮಾನ.

ಯಾಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ವರ್ಕ್‌ಶಾಪ್‌ನಲ್ಲಿ ನಿಂತು ಮಾತಾಡಲು ಇದು ನಿಮಗೆ ಗೊತ್ತಿರಬೇಕು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ಗಾಡಿಗಳೆಲ್ಲ ಬಿಎಸ್-6. ಡೀಸೆಲ್ ಗಾಡಿಯ ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಡಲು ಸೈಲೆನ್ಸರ್ ಸಾಲಿನಲ್ಲೇ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಹಿಡಿದ ಮಸಿಯನ್ನು ಆಗಾಗ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತುಮಕೂರು ರಸ್ತೆಯಲ್ಲಿ ಒಂದು ಗಂಟೆ ಬಿಡದೆ ಓಡಿದರೆ ಕೆಲಸ ತಾನಾಗಿ ಸಲೀಸಾಗುತ್ತದೆ. ಪೀಣ್ಯದಿಂದ ಗೊರಗುಂಟೆಪಾಳ್ಯ, ಹೆಬ್ಬಾಳ, ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಕಂಟೇನರ್ ಡಿಪೋ ಮುಂದೆ ಎಂಜಿನ್ ಆನ್ ಇಟ್ಟುಕೊಂಡೇ ಕಾಯುವ ಗಾಡಿಗೆ ಆ ಶಾಖ ಬರುವುದೇ ಅಪರೂಪ. ಪೀಕ್ ಅವರ್‌ನಲ್ಲಿ ಲಾರಿಗಳಿಗೆ ನಿರ್ಬಂಧ ಬೇರೆ. ಪೀಣ್ಯದ ಮೇಲ್ಸೇತುವೆ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಮೇಲೆ ಭಾರಿ ವಾಹನಗಳು 2024ರ ಜುಲೈವರೆಗೆ ಕೆಳರಸ್ತೆಯಲ್ಲೇ ತೆವಳಿದ್ದನ್ನು ನಿಮ್ಮ ಯಜಮಾನರು ಹಳೆಯ ಗಾಡಿಯಲ್ಲಿ ಅನುಭವಿಸಿರುತ್ತಾರೆ. ಈ ಊರಿನ ರಸ್ತೆ ಹೀಗೆ ಎಂಬುದು ಇಲ್ಲಿ ಕ್ಯಾಂಟರ್ ಮಾರುವವರಿಗೆ ಗೊತ್ತಿಲ್ಲದ ಗುಟ್ಟಲ್ಲ.

ಶಾಖ ಸಾಲದಾಗ ಎಂಜಿನ್ನಿನ ಕಂಪ್ಯೂಟರ್ ತಾನೇ ಒಂದು ಉಪಾಯ ಮಾಡುತ್ತದೆ. ಹಲವು ಎಂಜಿನ್‌ಗಳಲ್ಲಿ ಸಿಲಿಂಡರಿಗೇ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಅದು ಹೊಗೆಯ ದಾರಿಯಲ್ಲಿ ಹೋಗಿ ಉರಿದು ಫಿಲ್ಟರ್ ಕಾಯುವಂತೆ ಮಾಡುತ್ತಾರೆ. ಇದೇ ರೀಜೆನ್. ಅದು ಪೂರ್ತಿಯಾಗುವ ಮೊದಲೇ ಗಾಡಿ ಆಫ್ ಆದರೆ ಮತ್ತೆ ಶುರು, ಮತ್ತೆ ಅರ್ಧಕ್ಕೆ ಬಂದ್. ಪ್ರತಿ ಸಲವೂ ಉರಿಯದೆ ಉಳಿದ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗಂಟಿ, ರಿಂಗ್ ದಾಟಿ, ಕೆಳಗೆ ಆಯಿಲಿಗೆ ಇಳಿಯುತ್ತದೆ. ಆಯಿಲ್ ಮಟ್ಟ ಏರುತ್ತದೆ, ಗಟ್ಟಿತನ ಇಳಿಯುತ್ತದೆ. ಕ್ರ್ಯಾಂಕಿನ ಬೇರಿಂಗ್ ತಿರುಗುವುದೇ ತೆಳುವಾದ ಒಂದು ಆಯಿಲ್ ಪದರದ ಮೇಲೆ. ಆ ಪದರ ಹರಿದರೆ ಲೋಹಕ್ಕೆ ಲೋಹ ತಾಗಿ ನೀವು ಹೇಳಿದ ಟಕಟಕ ಸದ್ದು, ಆಮೇಲೆ ಸೀಜ್. ನಿಮ್ಮ ಕ್ಯಾಂಟರ್ ಹೊಸಕೋಟೆಯಲ್ಲಿ ನಿಂತಿತು ಅಷ್ಟೇ, ಕೆಡಲು ಶುರುವಾಗಿದ್ದು ಹಳದಿ ಲೈಟ್ ಬಂದ ದಿನಗಳಲ್ಲಿ. ಅವತ್ತು ರಾತ್ರಿ ಸ್ಟಿಯರಿಂಗ್ ಹಿಡಿದಿದ್ದವನು ಯಾರಾಗಿದ್ದರೂ ಇದೇ ಆಗುತ್ತಿತ್ತು. ಈ ಒಂದು ಮಾತನ್ನು ಯಜಮಾನರಿಗೆ ಓದಿ ಹೇಳಿ. ಗೇಜ್ ಕಡ್ಡಿ ತೆಗೆದು ನೋಡಿ ಎಚ್ಚರಿಸಿದ ಒಬ್ಬನೇ ಮನುಷ್ಯ ಅವರ ಬಾಮೈದ.

ಈಗ ನಿಮ್ಮ ನೋಟ್‌ಬುಕ್. ಸಾಕ್ಷಿ ಏನೂ ಇಲ್ಲ ಎಂದಿದ್ದೀರಿ. ನಿಮ್ಮ ಕೇಸೇ ಅದರಲ್ಲಿರಬಹುದು! ಮೊದಲ ಸಲ ಲೈಟ್ ಬಂದು ವರ್ಕ್‌ಶಾಪ್‌ಗೆ ಬಿಟ್ಟದ್ದು ಯಾವ ತಾರೀಕು? ನೆಲಮಂಗಲದಲ್ಲಿ ಆಯಿಲ್ ಹಾಕಿಸಿದ್ದು ಯಾವ ತಾರೀಕು? ಲೈಟ್ ಮೊದಲು ಬಂದು ಹೊರಗಿನ ಆಯಿಲ್ ಆಮೇಲಿನದಾಗಿದ್ದರೆ, ಆ ಆಯಿಲ್‌ನಿಂದಲೇ ಎಲ್ಲ ಆಯಿತೆಂಬ ಮಾತಿನ ಬುಡವೇ ಅಲ್ಲಾಡುತ್ತದೆ. ದೋಷ ಅವರ ಅಂಗಳಕ್ಕೆ ಮೊದಲೇ ಬಂದಿತ್ತು, ನೋಡಿದ್ದರು, ಲೈಟ್ ಆರಿಸಿ ಕಳಿಸಿದ್ದರು. ಎರಡೂ ಭೇಟಿಯ ಜಾಬ್ ಕಾರ್ಡ್ ಪ್ರತಿ ಕೇಳಿ. ಅದರಲ್ಲಿ ‘ಚೆಕ್ಡ್ ಅಂಡ್ ಓಕೆ’ ಎಂದಷ್ಟೇ ಇದ್ದರೂ ಬೇಸರಪಡಬೇಡಿ. ತಾರೀಕು, ಕಿಲೋಮೀಟರ್, ನೀವು ಹೇಳಿದ ದೂರು ಇದ್ದರೆ ಸಾಕು. ನೋಟ್‌ಬುಕ್‌ನ ಆ ಪುಟಗಳನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಒಂದಕ್ಷರ ತಿದ್ದಬೇಡಿ, ಚಂದವಾಗಿರಲೆಂದು ಹೊಸ ಪುಸ್ತಕಕ್ಕೆ ನಕಲು ಮಾಡಲೂ ಬೇಡಿ. ಎಣ್ಣೆ ಕಲೆಯ ಮೂಲ ಪುಟಕ್ಕಿರುವ ಬೆಲೆ ನಕಲಿಗಿರುವುದಿಲ್ಲ.

ತಾರೀಕು ಉಲ್ಟಾ ಇದ್ದರೆ, ಅಂದರೆ ಹೊರಗಿನ ಆಯಿಲ್ ಮೊದಲು ಬಿದ್ದಿದ್ದರೆ? ಆಗಲೂ ಕೈಚೆಲ್ಲಬೇಕಿಲ್ಲ, ಆದರೆ ಹಾದಿ ಕಷ್ಟ. ಬಿಎಸ್-6 ಎಂಜಿನ್ನಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಸಾಮಾನ್ಯವಾಗಿ ಸಿಕೆ-4 ದರ್ಜೆಯದು. ಯಾವುದು ಎಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ನೆಲಮಂಗಲದ ಬಿಲ್ಲಿನಲ್ಲಿ ದರ್ಜೆ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಆ ಅಂಗಡಿಯವರಿಂದ ಯಾವ ಕಂಪನಿಯ ಯಾವ ಡಬ್ಬ, ಎಷ್ಟು ಲೀಟರ್ ಎಂದು ಬರೆಸಿಕೊಳ್ಳಿ. ಹಳೆಯ ಗಾಡಿಯ ಆಯಿಲ್ ಹಾಕಿದ್ದರೆ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ ಎಂಬುದು ನಿಜ. ಅದೊಂದರಿಂದಲೇ ಕೆಲವು ಸಾವಿರ ಕಿಲೋಮೀಟರಿಗೆ ಬೇರಿಂಗ್ ಕಚ್ಚಿಕೊಳ್ಳುವುದು ನಂಬಲು ಕಷ್ಟ. ಏನೇ ಇರಲಿ, ಆ ಬಿಲ್ ಬಚ್ಚಿಡಬೇಡಿ. ಮುಂದೆ ಗ್ರಾಹಕರ ಆಯೋಗದಲ್ಲಿ ಅದು ಎದುರು ಪಕ್ಷದ ಕೈಯಿಂದ ಹೊರಬಂದರೆ ನಿಮ್ಮ ಉಳಿದ ಮಾತಿಗೂ ಬೆಲೆ ಇರದು. ಅವರು ಎಂಟು ದಿನ ಡೇಟ್ ಕೊಡಲಿಲ್ಲ ಎಂಬುದಕ್ಕೆ ಫೋನ್ ಕರೆಯ ದಾಖಲೆಯೋ ಮೆಸೇಜೋ ಇದ್ದರೆ ಬಿಲ್ಲಿನ ಜೊತೆಗೆ ಪಿನ್ ಮಾಡಿ.

ಓವರ್‌ಲೋಡ್ ಮಾತಿಗೆ ಹೆಚ್ಚು ಹೊತ್ತು ಕೊಡಬೇಡಿ. ಯಾವ ದಿನ, ಎಷ್ಟು ತೂಕ, ಆಧಾರವೇನು ಎಂದು ಲಿಖಿತವಾಗಿ ಕೇಳಿ. ನಿಮ್ಮ ಇ-ವೇ ಬಿಲ್, ವೇಬ್ರಿಡ್ಜ್ ಚೀಟಿ ಒಟ್ಟು ಮಾಡಿ. ಹೊಡೆದಿದ್ದು ನಿಜವಾಗಿದ್ದರೆ ನಿಮಗೇ ಗೊತ್ತಿರುತ್ತದೆ. ಆ ಭಾಗದಲ್ಲಿ ಪಟ್ಟು ಹಿಡಿಯಬೇಡಿ.

ಮೈಕೋ ಪಂಪಿನ ಕಾಲದಲ್ಲಿ ಹಳೇ ಮೇಸ್ತ್ರಿಗಳು ಸ್ಕ್ರೂಡ್ರೈವರ್ ತುದಿ ಎಂಜಿನ್ನಿಗಿಟ್ಟು, ಹಿಡಿಗೆ ಕಿವಿ ಕೊಟ್ಟು ಯಾವ ಸಿಲಿಂಡರ್ ಹೋಗಿದೆ ಎಂದು ಹೇಳಿಬಿಡುತ್ತಿದ್ದರು. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆಯ ಹೆಸರು ಬೆಂಗಳೂರಿನ ಡೀಸೆಲ್ ಮೇಸ್ತ್ರಿಗಳ ಬಾಯಲ್ಲಿ ಇನ್ನೂ ಇದೆ. ಈಗಿನ ಎಂಜಿನ್ ತನ್ನ ಕಥೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇಸಿಯು ಎಂಬ ಆ ಪೆಟ್ಟಿಗೆಯಲ್ಲಿ ಯಾವ ದೋಷದ ಕೋಡ್ ಬಂತು, ಆಗ ಎಂಜಿನ್ ಯಾವ ಸ್ಥಿತಿಯಲ್ಲಿತ್ತು, ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದೆಲ್ಲ ಇರುತ್ತದೆ. ರೀಜೆನ್ ಎಷ್ಟು ಸಲ ಶುರುವಾಗಿ ಎಷ್ಟು ಸಲ ಅರ್ಧಕ್ಕೆ ನಿಂತಿತು ಎಂಬುದನ್ನೂ ಹಲವು ಗಾಡಿಗಳಲ್ಲಿ ಓದಬಹುದು. ಬ್ಯಾಟರಿ ಬಿಚ್ಚುವ ಮೊದಲು, ಯಾರೂ ‘ಕ್ಲಿಯರ್’ ಒತ್ತುವ ಮೊದಲು, ಆ ವರದಿಯ ಪ್ರಿಂಟ್ ಬೇಕೆಂದು ಪಟ್ಟು ಹಿಡಿಯಿರಿ. ಕೊಡದಿದ್ದರೆ ಲ್ಯಾಪ್‌ಟಾಪ್ ಪರದೆಯ ವೀಡಿಯೋ ಆದರೂ ಆಗಲಿ. ಗಾಡಿಗೆ ಕಂಪನಿಯ ಜಿಪಿಎಸ್ ಇದ್ದರೆ ಆ ದಾಖಲೆ ತಯಾರಕರ ಸರ್ವರ್‌ನಲ್ಲೂ ಇರಬಹುದು. ಅದನ್ನು ಅಳಿಸದೆ ಉಳಿಸಿಡಿ ಎಂದು ಕೆಳಗೆ ಹೇಳುವ ಪತ್ರಕ್ಕೆ ಸೇರಿಸಿ.

ಎಂಜಿನ್ ಬಿಚ್ಚುವ ದಿನ ಅರ್ಧ ಲೀಟರಿನ ಎರಡು ಹೊಸ ಬಾಟಲಿ ತೆಗೆದುಕೊಂಡು ಹೋಗಿ. ಕುಡಿಯುವ ನೀರಿನ ಹಳೆಯ ಬಾಟಲಿ ಬೇಡ, ಒಳಗೆ ಒಂದು ಹನಿ ತೇವವಿದ್ದರೂ ವರದಿ ಕೆಡುತ್ತದೆ. ಸಂಪಿನ ಬೋಲ್ಟ್ ಸಡಿಲಿಸಿದಾಗ ಮೊದಲು ಸುರಿಯುವ ಕೊಳೆ ಬಿಟ್ಟು, ನಡುವಿನ ಧಾರೆಯಲ್ಲಿ ಎರಡನ್ನೂ ತುಂಬಿ, ಮುಚ್ಚಳದ ಮೇಲೆ ಟೇಪ್ ಸುತ್ತಿ, ಟೇಪಿನ ಮೇಲೆ ಅವರೂ ನೀವೂ ಸಹಿ ಹಾಕಿ, ತಾರೀಕು ಬರೆಯಿರಿ. ಒಂದು ಅವರಿಗೆ, ಒಂದು ನಿಮಗೆ. ಎನ್‌ಎಬಿಎಲ್ ಮಾನ್ಯತೆ ಇರುವ ಆಯಿಲ್ ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟರೆ ಆಯಿಲ್ ಎಷ್ಟು ತೆಳುವಾಗಿದೆ, ಡೀಸೆಲ್ ಶೇಕಡಾ ಎಷ್ಟು ಬೆರೆತಿದೆ, ತಾಮ್ರ, ಸೀಸ, ಕಬ್ಬಿಣದ ಅಂಶ ಎಷ್ಟಿದೆ ಎಂದು ಹೇಳುತ್ತಾರೆ. ಹಳೆಯ ಆಯಿಲ್ ಫಿಲ್ಟರನ್ನು ಕಸಕ್ಕೆ ಹಾಕಲು ಬಿಡಬೇಡಿ. ಅದನ್ನು ಕತ್ತರಿಸಿದರೆ ಮಡಿಕೆಗಳ ನಡುವೆ ಹೊಳೆಯುವ ಚೂರುಗಳಿರುತ್ತವೆ, ಬೇರಿಂಗ್ ತಿಂದ ಗುರುತು. ಫೋನಿನಲ್ಲಿ ವೀಡಿಯೋ ತೆಗೆಯುವ ಕೆಲಸ ನಿಮ್ಮ ತಮ್ಮನಿಗೆ ಕೊಡಿ. ಏನು ನೋಡಬೇಕೆಂದು ಅವನಿಗೆ ಗೊತ್ತು.

ಪತ್ರವನ್ನು ಡೀಲರ್‌ನ ಸರ್ವಿಸ್ ಮ್ಯಾನೇಜರ್‌ಗೆ ಬರೆದು, ತಯಾರಕ ಕಂಪನಿಯ ಗ್ರಾಹಕ ವಿಭಾಗಕ್ಕೂ ಪ್ರತಿ ಹಾಕಿ. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್ ಕೂಡ ಇರಲಿ. ಒಕ್ಕಣೆ ಹೀಗಿದ್ದರೆ ಸಾಕು:

‘ನನ್ನ ವಾಹನದ ಎಂಜಿನ್ ವಾರಂಟಿ ಅವಧಿಯಲ್ಲೇ ಸೀಜ್ ಆಗಿದೆ. ಇದಕ್ಕೆ ಮೊದಲು ಎಚ್ಚರಿಕೆ ದೀಪ ಬಂದಾಗ ಎರಡು ಬಾರಿ ನಿಮ್ಮಲ್ಲಿಗೇ ತಂದಿದ್ದೆ, ಜಾಬ್ ಕಾರ್ಡ್ ಪ್ರತಿ ಲಗತ್ತಿಸಿದೆ. ವಾರಂಟಿ ಅನ್ವಯಿಸದು ಎಂದು ಮೌಖಿಕವಾಗಿ ತಿಳಿಸಿದ್ದೀರಿ. ವಾರಂಟಿಯ ಯಾವ ಷರತ್ತು ಮುರಿದಿದೆ, ಮತ್ತು ಆ ಕಾರಣದಿಂದಲೇ ಎಂಜಿನ್ ಹೇಗೆ ಕೆಟ್ಟಿತು, ಎರಡನ್ನೂ ಲಿಖಿತವಾಗಿ ತಿಳಿಸಿ. ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರಿದ್ದಕ್ಕೆ ಕಾರಣವನ್ನೂ ತಪಾಸಣಾ ವರದಿಯಲ್ಲಿ ನಮೂದಿಸಿ. ತಯಾರಕರ ಪ್ರತಿನಿಧಿಯ ಸಮ್ಮುಖದಲ್ಲಿ, ನಾನಿರುವಾಗ ಎಂಜಿನ್ ಬಿಚ್ಚಲು ದಿನ ಗೊತ್ತುಮಾಡಿ. ಬಿಚ್ಚಿದ ಎಲ್ಲ ಬಿಡಿಭಾಗ ನನಗೆ ಬೇಕು. 15 ದಿನದೊಳಗೆ ಉತ್ತರಿಸಿ.’

ಈ ಪತ್ರ ಹೋದ ಮೇಲೆ ಧ್ವನಿ ಬದಲಾಗುವುದನ್ನು ನಾನು ನೋಡಿದ್ದೇನೆ. ‘ಗುಡ್‌ವಿಲ್’ ಎಂಬ ಹೆಸರಿನಲ್ಲಿ ಕಂಪನಿ ಒಂದು ಪಾಲು ಕೊಡುತ್ತೇವೆ ಎನ್ನಬಹುದು. ಬಿಡಿಭಾಗದ ಹಣ ಪೂರ್ತಿ ಅವರದು, ಲೇಬರ್ ನಿಮ್ಮದು ಎಂಬಲ್ಲಿಗೆ ಬಂದರೆ ನನ್ನ ಪ್ರಕಾರ ಒಪ್ಪಿಕೊಳ್ಳಿ. ಹಟ ಹಿಡಿದು ಕೂತ ಒಂದೊಂದು ತಿಂಗಳಿಗೂ ನಿಮಗೆ 36 ಸಾವಿರದ ಕಂತಿದೆ. ಅರ್ಧಕ್ಕಿಂತ ಕಡಿಮೆ ಕೊಡುತ್ತೇವೆಂದರೆ ಬೇಡ ಎನ್ನಿ. ಒಪ್ಪುವುದಾದರೆ ಹೊಸದಾಗಿ ಹಾಕಿದ ಭಾಗಗಳಿಗೆ ಎಷ್ಟು ವಾರಂಟಿ, ಡಿಪಿಎಫ್ ಏನು ಮಾಡಿದ್ದಾರೆ ಎಂಬುದನ್ನು ಬರೆಸಿಕೊಳ್ಳದೆ ಬರಬೇಡಿ. ಬೇರಿಂಗ್ ಮಾತ್ರ ಬದಲಿಸಿ ಮೂಲ ಕಾಯಿಲೆ ಬಿಟ್ಟರೆ ಆರು ತಿಂಗಳಿಗೆ ಅದೇ ಟಕಟಕ.

ಏನೂ ಕೊಡುವುದಿಲ್ಲ ಎಂದರೆ, ಆಗ ಕಂಪನಿ ವರ್ಕ್‌ಶಾಪ್‌ನಲ್ಲೇ ‘ಆಕ್ಷೇಪಣೆ ಉಳಿಸಿಕೊಂಡು ಪಾವತಿಸುತ್ತಿದ್ದೇನೆ’ ಎಂದು ಬರೆದು ರಿಪೇರಿ ಮಾಡಿಸಿ, ಹಣ ಬ್ಯಾಂಕಿನ ಮೂಲಕವೇ ಕೊಡಿ. ಮೇಸ್ತ್ರಿಯ ಹತ್ತಿರ ಎರಡು ಲಕ್ಷ ಉಳಿಯುತ್ತದಲ್ಲ ಎನ್ನುತ್ತೀರಿ. ಗಾಡಿಗೆ ಇನ್ನೂ ವಾರಂಟಿ ಬಾಕಿ ಇದ್ದರೆ ಆ ಉಳಿತಾಯದ ಜೊತೆ ಮುಂದಿನ ರಕ್ಷಣೆಯೂ ಹೋಗುತ್ತದೆ. ಹಾಗಾಗಿ ನನ್ನ ಮತ ಕಂಪನಿ ವರ್ಕ್‌ಶಾಪ್ ಕಡೆಗೆ. ಒಡವೆ ಅಡ ಇಡುವುದು ಆ ಹಂತದಲ್ಲಿ, ಅದೂ ಬ್ಯಾಂಕಿನಲ್ಲಿ. ಕಚ್ಚಿಹೋದ ಬೇರಿಂಗ್‌ಗಳಿಗೆ ಚೀಟಿ ಕಟ್ಟಿ, ಗೋಣಿಚೀಲದಲ್ಲಿ ಹಾಕಿ ಮನೆಗೆ ತನ್ನಿ. ನಿಮ್ಮ ಮನೆಯ ಅಟ್ಟದಲ್ಲಿ ಅವು ಒಂದಷ್ಟು ಕಾಲ ಇರಲಿ.

ಆಮೇಲೆ ಗ್ರಾಹಕರ ಆಯೋಗ. ‘ಇದು ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ’ ಎಂದು ಅವರ ವಕೀಲರು ಮೊದಲ ದಿನವೇ ಎದ್ದು ಹೇಳುತ್ತಾರೆ. ಹೆದರಬೇಡಿ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡು ತಾನೇ ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲಾರಿಯ ಉದಾಹರಣೆಯನ್ನೇ ಕೊಟ್ಟು, ಕೊಂಡವನೇ ಬಾಡಿಗೆಗೆ ಓಡಿಸಿಕೊಂಡಿದ್ದರೆ ಅವನು ಗ್ರಾಹಕ ಎಂದಿತು. ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಆ ಸ್ಥಾನ ಹೋಗುವುದಿಲ್ಲ ಎಂದೂ ಹೇಳಿತು. ನಿಮ್ಮ ತಮ್ಮ ವಾರಕ್ಕೆ ಒಂದೆರಡು ರಾತ್ರಿ ಓಡಿಸಿದ್ದು ಆ ಲೆಕ್ಕದಲ್ಲಿ ಬರುತ್ತದೆ. ದೂರಿನಲ್ಲಿ ಅದನ್ನು ಹಾಗೆಯೇ ಹೇಳಿ. ನಾಲ್ಕು ಗಾಡಿ ಇಟ್ಟು ಡ್ರೈವರ್‌ಗಳಿಂದ ಓಡಿಸುವವರಿಗೆ ಈ ಬಾಗಿಲು ತೆರೆಯುವುದು ಕಷ್ಟ. ಅವರು ಸಿವಿಲ್ ಕೋರ್ಟಿಗೆ ಹೋಗಬೇಕು.

ದೂರು ಆರ್‌ಸಿಯಲ್ಲಿರುವ ಯಜಮಾನರ ಹೆಸರಲ್ಲೇ ಆಗಬೇಕು. ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು, ತಯಾರಕರ ಕಚೇರಿ ಯಾವ ರಾಜ್ಯದಲ್ಲಿದ್ದರೂ ಸರಿ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. ಘಟನೆಯಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ವಕೀಲರು ಕಡ್ಡಾಯವಲ್ಲ, ಆದರೆ ಎಂಜಿನ್ ವಿಷಯದಲ್ಲಿ ತಜ್ಞರ ಅಭಿಪ್ರಾಯ ಇಲ್ಲದೆ ಹೋದವರ ದೂರುಗಳು ಬಿದ್ದುಹೋಗಿರುವುದು ಬಹಳ. ದೋಷ ತಯಾರಿಕೆಯದೇ ಎಂದು ತೋರಿಸುವ ಹೊಣೆ ದೂರುದಾರರ ಮೇಲೆ ಬೀಳುತ್ತದೆ. ಅದಕ್ಕೇ ಆ ಎರಡು ಬಾಟಲಿ, ಆ ಪ್ರಿಂಟ್. ಪರೀಕ್ಷೆಗೆ ಕಳಿಸಿ ಎಂದು ಆಯೋಗವನ್ನೇ ಕೇಳಿಕೊಳ್ಳಬಹುದು, ಅದರ ಖರ್ಚು ಮೊದಲು ನೀವು ಕಟ್ಟಬೇಕಾಗುತ್ತದೆ.

ಡೀಲರ್ ಮತ್ತು ತಯಾರಕ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ, ಯಾರ ತಪ್ಪೇನು ಎಂದು ಬಿಡಿಸಿ ಬರೆಯಿರಿ. ಡೀಲರ್ ತಾನಾಗಿ ಮಾಡಿದ ತಪ್ಪಿಗೆ ತಯಾರಕರನ್ನು ಸುಮ್ಮನೆ ಹೊಣೆ ಮಾಡಲಾಗದು ಎಂದು 2021ರಲ್ಲಿ ಟಾಟಾ ಮೋಟಾರ್ಸ್–ಆಂಟೋನಿಯೊ ಪೌಲೊ ವಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲೈಟ್ ಬಂದಾಗ ಸರಿಯಾಗಿ ನೋಡದೆ ಕಳಿಸಿದ್ದು ಡೀಲರ್‌ನ ಸೇವಾ ನ್ಯೂನತೆ. ಈ ಊರಿನ ಓಡಾಟಕ್ಕೆ ಒಗ್ಗದ ವ್ಯವಸ್ಥೆ ಇಟ್ಟು, ಆಯಿಲ್ ಏರಿದರೆ ಗಾಡಿ ನಿಲ್ಲಿಸಿ ಎಂದು ಸರಿಯಾಗಿ ತಿಳಿಸದೆ ಇದ್ದಿದ್ದರೆ ಅದು ತಯಾರಕರ ಪಾಲು. ಗಾಡಿಯ ಪುಸ್ತಕದಲ್ಲಿ ಆ ಎಚ್ಚರಿಕೆ ಅಚ್ಚಾಗಿದೆಯೇ, ಯಾವ ಭಾಷೆಯಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ ‘ಜಾಸ್ತಿ ಇದ್ದರೇನು’ ಎಂದು ಬಿಟ್ಟದ್ದನ್ನು ಅವರು ನಿಮ್ಮ ಮೇಲೆ ತಿರುಗಿಸುತ್ತಾರೆ. ಆ ಮಾತಿಗೆ ಉತ್ತರ ಸಿದ್ಧವಿರಲಿ. ಹೊಸ ಗಾಡಿಯನ್ನೇ ಕೊಡಿ ಎಂದು ಕೇಳಬೇಡಿ. ಕೆಟ್ಟ ಭಾಗ ಬದಲಿಸುವ ವಾರಂಟಿ ಇದ್ದಾಗ ಇಡೀ ವಾಹನ ಕೇಳಲಾಗದು ಎಂದು 2006ರಲ್ಲೇ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ತೀರ್ಪಾಗಿದೆ. ರಿಪೇರಿ ಹಣ, ಟೋಯಿಂಗ್, ಗಾಡಿ ನಿಂತ ದಿನಗಳ ದುಡಿಮೆ ಕೇಳಿ. ದುಡಿಮೆಯ ಲೆಕ್ಕ ಮತ್ತೆ ನಿಮ್ಮ ನೋಟ್‌ಬುಕ್‌ನಲ್ಲೇ ಇದೆ.

ಕಾಯ್ದೆಯ ಪ್ರಕಾರ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕು. ಆಗುವುದಿಲ್ಲ. ಆಯೋಗಕ್ಕೆ ಹೋಗುವ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಖರ್ಚಿಲ್ಲದ ದಾರಿ.

ಕಂತು ನಿಲ್ಲಿಸಿ ಕಂಪನಿಗೆ ಬುದ್ಧಿ ಕಲಿಸುತ್ತೇನೆ ಎಂಬ ಯೋಚನೆ ಯಜಮಾನರಿಗೆ ಬಂದರೆ ತಡೆಯಿರಿ. ಜಗಳ ಗಾಡಿ ಮಾಡಿದವರ ಜೊತೆ, ಸಾಲ ಕೊಟ್ಟವರ ಜೊತೆಗಲ್ಲ. ಫೈನಾನ್ಸ್‌ನವರಿಗೆ ಈಗಲೇ ಪತ್ರ ಬರೆದು ಜಾಬ್ ಕಾರ್ಡ್ ಲಗತ್ತಿಸಿ, ಎರಡು ಮೂರು ತಿಂಗಳ ಕಂತನ್ನು ಮುಂದಕ್ಕೆ ಹಾಕಲು ಅಥವಾ ಅವಧಿ ಹಿಗ್ಗಿಸಲು ಕೇಳಿ. ಕಂತು ತಪ್ಪುವ ಮೊದಲು ಕೇಳುವವರ ಮಾತಿಗೂ ತಪ್ಪಿದ ಮೇಲೆ ಕೇಳುವವರ ಮಾತಿಗೂ ಬೇರೆ ಬೆಲೆ. ಇನ್ಶೂರೆನ್ಸ್ ಇದಕ್ಕೆ ಬರುವುದಿಲ್ಲ. ಯಂತ್ರ ತಾನಾಗಿ ಕೆಟ್ಟರೆ ಸಾಮಾನ್ಯ ಪಾಲಿಸಿ ಕೈ ಎತ್ತುತ್ತದೆ.

ಗಾಡಿ ಕೂತಿರುವಷ್ಟು ದಿನ ಯಜಮಾನರು ಟರ್ಮಿನಲ್‌ನಲ್ಲಿ ಕೂರುವ ಬದಲು ಆಕ್ಟಿಂಗ್ ಡ್ರೈವರ್ ಆಗಿ ಹೋಗಲಿ. ಸ್ವಂತ ಗಾಡಿ ಕೊಂಡವನಿಗೆ ಮತ್ತೆ ಇನ್ನೊಬ್ಬರ ಕೀಲಿಕೈ ಹಿಡಿಯುವುದು ಎಷ್ಟು ಕಷ್ಟ ಎಂದು ನನಗೆ ಅರ್ಥವಾಗುತ್ತದೆ. ಆದರೂ ಹೋಗಲಿ. ಪ್ರೆಸ್ ಶಾಪ್‌ಗಳ ಬಾಡಿಗೆ ಕೈತಪ್ಪದಂತೆ ಪರಿಚಯದವರ ಗಾಡಿ ಹಾಕಿಸಿ ಕಮಿಷನ್ನಿಗಾದರೂ ಆ ಕೆಲಸ ಹಿಡಿದಿಟ್ಟುಕೊಳ್ಳಲಿ.

ತಮ್ಮನ ವಿಷಯಕ್ಕೆ ನೀವು ನಡುವೆ ನಿಂತು ವಾದ ಮಾಡಬೇಡಿ. ಯಜಮಾನರ ಸಿಟ್ಟು ನಿಮ್ಮ ತಮ್ಮನ ಮೇಲಿರುವುದಕ್ಕಿಂತ ಅವರ ಮೇಲೆ ಅವರಿಗೇ ಹೆಚ್ಚಿದೆ. ‘ಜಾಸ್ತಿ ಇದ್ದರೇನು’ ಎಂದವರು ಅವರು, ಅದು ಅವರಿಗೂ ನೆನಪಿದೆ. ಅದನ್ನು ಎತ್ತಿ ಆಡಬೇಡಿ. ಎಂಜಿನ್ ಬಿಚ್ಚುವ ದಿನ ಇಬ್ಬರನ್ನೂ ಕರೆದುಕೊಂಡು ಹೋಗಿ. ಅವನು ಹೇಳಿದ್ದ ಆಯಿಲ್ ಕಣ್ಣೆದುರು ತೊಟ್ಟಿಕ್ಕುವಾಗ ಮಾತು ತಾನಾಗಿ ಶುರುವಾದೀತು. ಆಗದಿದ್ದರೂ ವೀಡಿಯೋ ಅಂತೂ ಇರುತ್ತದೆ.

ಪತ್ರ ನಾಳೆಯೇ ಹೋಗಲಿ. ಅದು ತಲುಪಿ, ದಿನ ಗೊತ್ತಾಗಿ, ನೀವು ಎದುರಿಗೆ ನಿಲ್ಲುವವರೆಗೆ ಆ ಎಂಜಿನ್ನಿನ ಒಂದು ಬೋಲ್ಟನ್ನೂ ಯಾರೂ ಮುಟ್ಟದಂತೆ ನೋಡಿಕೊಳ್ಳಿ.